ಗದ್ದೆ ಕಾಯುವವಳ ಗಿಳಿ

೨೨-೧೧-೧೯೯೮, ಭಾನುವಾರ. ಮಗ್ಗೆ.

ಗಿಳಿಮರಿ ಇವತ್ತೂ ಸರಿಯಾಗಿ ತಿನ್ನಲಿಲ್ಲ. ಅಣ್ಣ ಕೆ. ಹೊಸಕೋಟೆಯಿಂದ ತಂದಾಗಿನಿಂದ ಹೀಗೇ. ಅದರ ರೆಕ್ಕೆ ಬೇರೆ ಕತ್ತರಿಸಿದ್ದಾರೆ. ಮಧ್ಯಾಹ್ನ ನಾನು ಮೆಲ್ಲಗೆ ಮಾತಾಡಿಸುತ್ತಾ ಕೂತಿದ್ದಾಗ, ಮೊದಲ ಸಲ ಹತ್ತಿರ ಸರಿದು ಬಂದು, ನನ್ನ ಬೆರಳಿಂದ ಸೀಬೆಹಣ್ಣಿನ ಚೂರು ಕಚ್ಚಿಕೊಂಡಿತು. ಅಷ್ಟರಲ್ಲಿ ಮನೆ ಮುಂದಿನ ಗದ್ದೆಗೆ ಗಿಳಿಹಿಂಡು ಇಳಿಯಿತು. ಅಣ್ಣ ಎಂದಿನಂತೆ ತಗಡಿನ ಡಬ್ಬ ಬಡಿದು ಓಡಿಸಿದ. ಆ ಸದ್ದಿಗೆ ಮರಿ ಹಾರಲು ಹೋಗಿ ಪಂಜರದ ತಳಕ್ಕೆ ಬಿತ್ತು. ಸಂಜೆಯವರೆಗೂ ಮೂಲೆ ಬಿಟ್ಟು ಕದಲಲಿಲ್ಲ.

ಡಬ್ಬ ಬಡಿಯುವುದು ಬೇಡ ಎಂದೆ. ಅವ್ವ ಮೊರದಿಂದ ತಲೆ ಎತ್ತದೆ, "ಒಂದು ಗಿಣಿ ಸಾಕಕ್ಕೆ ಊರ ಗಿಣಿಗೆಲ್ಲ ಗದ್ದೆ ಬುಟ್ಕೊಡಕ್ಕಾಯ್ತದೇನೇ?" ಎಂದಳು. ಅದೂ ಸುಳ್ಳಲ್ಲ. ತೆನೆ ಬಲಿತಿದೆ, ಕುಯ್ಲಿಗೆ ಇನ್ನೂ ಸಮಯವಿದೆ.

ಪಂಜರವನ್ನು ಒಳಕೋಣೆಗೆ ತಂದು ಹಳೇ ಪಂಚೆ ಹೊದಿಸಿದ್ದೇನೆ. ಸದ್ದು ಇಲ್ಲಿಗೂ ಬರುತ್ತದೋ ಏನೋ. ಆಗಾಗ ಎದ್ದು ಹೋಗಿ ಪಂಚೆ ಸರಿಸಿ ನೋಡುತ್ತೇನೆ, ಕಣ್ಣು ಬಿಟ್ಟುಕೊಂಡೇ ಕೂತಿದೆ.

ನಾಳೆ ಅಣ್ಣ ಆಲೂರಿಗೆ ಹೋಗುತ್ತಾನೆ. ಗದ್ದೆ ಕಾಯುವುದು ನಾನು. ಬರೀ ಡಬ್ಬ ಬಡಿದರೆ ಗಿಳಿಗಳು ಏಳುವುದಿಲ್ಲ, ಹೋಯ್ ಹೋಯ್ ಎಂದು ಕೂಗಲೂ ಬೇಕು. ಒಳಕೋಣೆಗೆ ಗದ್ದೆ ಕಾಣುವುದಿಲ್ಲ, ನಿಜ. ಆದರೆ ಮರಿಗೀಗ ನನ್ನ ದನಿ ಗುರುತಿದೆ.