ಅಭ್ಯಾಸದ ರೋಗಿ

ಡಿಸೆಂಬರ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿ ಗುಬ್ಬಿಗೆ,

ನಿನ್ನ ಅಕ್ಕನ ತುಂಬು ಹೃದಯದ ಆಶೀರ್ವಾದಗಳು. ಹೇಗಿದ್ದೀಯೆ? ನಿನ್ನ ಕೆಮ್ಮು ಹೋಯಿತೇ, ಅಥವಾ ಬಂದ ನೆಂಟರ ಹಾಗೆ ಇನ್ನೂ ಒಳಗೇ ಕೂತಿದೆಯೇ? ನಿನ್ನ ಯಜಮಾನರ ಬೆನ್ನು ಈಗ ಹೇಗಿದೆ? ಊರಿನವರ ಬೀಗವನ್ನೆಲ್ಲ ರಿಪೇರಿ ಮಾಡುವ ಮನುಷ್ಯ ತನ್ನ ಬೆನ್ನಿನ ಬೀಗ ಬಿಚ್ಚಲಾರದೆ ಒದ್ದಾಡುತ್ತಾರೆ ಎಂದು ಬರೆದಿದ್ದೆಯಲ್ಲ, ಓದಿ ಒಬ್ಬಳೇ ನಕ್ಕೆ. ದೊಡ್ಡವಳಿಗೆ ವಾಂತಿ ನಿಂತಿತೇ? ಏಪ್ರಿಲ್‌ನಲ್ಲಿ ಹೆರಿಗೆ ಆಗುವವರೆಗೆ ಭಾರ ಎತ್ತಬೇಡ ಎಂದು ದೊಡ್ಡಮ್ಮ ಹೇಳಿದಳೆಂದು ಹೇಳು. ನಿನ್ನ ಮಗ ಸಿಡುಕಪ್ಪನಿಗೂ ಕೇಳಿದೆನೆಂದು ಹೇಳು. ಆ ಹುಡುಗ ಬೆಳಗ್ಗೆ ಹೊತ್ತು ಯಾರ ಮುಖಕ್ಕೂ ಮುಖ ಕೊಡದಿದ್ದರೆ ಬೈಯಬೇಡ. ನಮ್ಮಪ್ಪ ಹಾಗೇ ಇದ್ದರು.

ನಿನ್ನ ಎರಡು ಕಾಗದಗಳೂ ಬಂದು ಹೊಲಿಗೆ ಯಂತ್ರದ ಮೇಲೆ ಕೂತಿವೆ. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀ. ಸೆಮಿಸ್ಟರ್ ಮುಗಿದ ಕೂಡಲೇ ಗಂಟು ಕಟ್ಟಿಕೊಂಡು ಬಂದುಬಿಡು, ಕಿಟಕಿ ಪಕ್ಕದ ಮಂಚ ನಿನಗೆ, ಹೆರಿಗೆ ಆಗುವ ತನಕ ಇಲ್ಲೇ ಇರು ಎಂದು ಬರೆದಿದ್ದೀ. ಗುಬ್ಬೀ, ಈ ಸಲ ಬರಲು ಆಗುವುದಿಲ್ಲವೇನೋ. ಯಾಕೆಂದು ಹೇಳುತ್ತೇನೆ. ಅದಕ್ಕೆ ಮೊದಲು ಕಾಲೇಜಿನ ಸುದ್ದಿ ಹೇಳಬೇಕು, ಏಕೆಂದರೆ ಎರಡೂ ಒಂದೇ ಸುದ್ದಿಯಾಗಿಬಿಟ್ಟಿದೆ.

ನಿನ್ನ ಅಳಿಯ ಕೇಳಿದನಂತೆ, "ದೊಡ್ಡಮ್ಮ ಟೇಲರ್ ಅಲ್ವಾ, ಕಾಲೇಜಲ್ಲಿ ಹೋಗಿ ಮಂಚದ ಮೇಲೆ ಯಾಕೆ ಮಲಗ್ತಾರೆ" ಅಂತ. ಇದನ್ನು ಅವನಿಗೆ ಓದಿ ಹೇಳು. ನಮ್ಮ ಬೀದಿಯ ತುದಿಯಲ್ಲಿರುವುದು ಕಮ್ಯುನಿಟಿ ಕಾಲೇಜು. ಓದು ಅರ್ಧಕ್ಕೆ ಬಿಟ್ಟವರು, ಕೆಲಸ ಕಳೆದುಕೊಂಡವರು, ಮಕ್ಕಳು ದೊಡ್ಡವರಾದ ಮೇಲೆ ಏನಾದರೂ ಕಲಿಯೋಣ ಎನ್ನುವವರು ಅಲ್ಲಿಗೆ ಬರುತ್ತಾರೆ. ಕೂದಲು ಕತ್ತರಿಸುವುದು, ಬ್ರೆಡ್ಡು ಸುಡುವುದು, ವೈರಿಂಗು, ರೋಗಿಗಳ ಆರೈಕೆ, ಎಲ್ಲ ಕಲಿಸುತ್ತಾರೆ. ಆರೈಕೆ ಕಲಿಯುವವರಿಗೆ ಮುಟ್ಟಿ ನೋಡಲು ಒಬ್ಬ ರೋಗಿ ಬೇಕು. ನಿಜವಾದ ರೋಗಿಯ ಮೇಲೆ ಕೈ ಪಳಗಿಸಿಕೊಳ್ಳಲು ಆಗುತ್ತದೆಯೇ? ಅದಕ್ಕೆ ನಾನು. ಅಭ್ಯಾಸದ ರೋಗಿ. ಪಾಠಕ್ಕೆ ಮೊದಲು ಮೇಡಂ ಒಂದು ಚೀಟಿ ಕೊಡುತ್ತಾರೆ. ನನಗೆ ಏನಾಗಿದೆ, ಎಲ್ಲಿ ನೋವು, ಯಾವಾಗ ನರಳಬೇಕು, ಯಾವಾಗ ಅಳಬೇಕು, ಎಲ್ಲ ಅದರಲ್ಲಿರುತ್ತದೆ. ಓದಿಕೊಂಡು ಮಲಗುವುದು ನನ್ನ ಕೆಲಸ. ಹೊಲಿಗೆ ಅಂಗಡಿ ಮುಚ್ಚಿಬಿಟ್ಟ ಮೇಲೆ ಬೇರೆ ಏನು ಮಾಡಲಿ? ಬಟ್ಟೆ ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳಲ್ಲಿ ಅಕ್ಷರ ಕೂಡಿಸಿಕೊಂಡವಳು ನಾನು. ಈ ವಯಸ್ಸಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದೆನೆಂಬ ಜಂಬ ಬೇರೆ. ಇಷ್ಟು ವರ್ಷದಲ್ಲಿ ನನಗೆ ಬಾರದ ಕಾಯಿಲೆ ಇಲ್ಲ. ಹೃದಯಾಘಾತದಿಂದ ಎದ್ದು ಬಂದು ಮಧ್ಯಾಹ್ನ ಕಾಲು ಮುರಿದುಕೊಂಡದ್ದೂ ಉಂಟು.

ಸೆಮಿಸ್ಟರ್ ಕೊನೆ ಎಂದರೆ ಕಾಲೇಜಿಗೆ ಜಾತ್ರೆಯ ಕಳೆ. ಬ್ರೆಡ್ಡಿನವರು ಪರೀಕ್ಷೆಯ ದಿನ ಒಲೆ ಜಾಸ್ತಿ ಮಾಡಿ ಕಟ್ಟಡಕ್ಕೆಲ್ಲ ಹೊಗೆ ಹಾಕಿದರು. ಕೂದಲಿನವರು ನನ್ನನ್ನು ಹಿಡಿದು ಕೂರಿಸಿ ಪುಕ್ಕಟೆ ಕತ್ತರಿಸಿದರು. ಎಡಗಡೆ ಚೆನ್ನಾಗಿ ಬಂದಿದೆ, ಬಲಗಡೆ ಕತ್ತರಿಸಿದವನು ಫೇಲಾದ. ಬರುವ ಶುಕ್ರವಾರ ಪ್ರಮಾಣಪತ್ರ ಕೊಡುವ ಸಮಾರಂಭ. ಶನಿವಾರ ತೋಟದ ವಿಭಾಗದವರ ಗಿಡಗಳ ಮಾರಾಟ. ಫೆಬ್ರವರಿಯಲ್ಲಿ ಹೊಸ ಸೆಮಿಸ್ಟರ್. ಆರೈಕೆ ವಿಭಾಗದಲ್ಲಿ ಒಂದು ಹೊಸ ಪಾಠ ಸೇರಿಸಿದ್ದಾರೆ, ಅದಕ್ಕೂ ನಾನೇ. ಆದ್ದರಿಂದ ನಿನ್ನ ಅಕ್ಕ ಮೂಲೆ ಸೇರಿದ್ದಾಳೆ ಎಂದುಕೊಳ್ಳಬೇಡ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಮಧ್ಯದಲ್ಲಿ ಎದ್ದು ಹೋಗಿ ಒಲೆಯ ಮೇಲಿನ ಕಾಫಿ ಉಕ್ಕಿಸಿದೆ. ಹೋಗಲಿ.

ಆರೈಕೆ ವಿಭಾಗದಲ್ಲಿ ಒಬ್ಬ ಹುಡುಗಿ ಇದ್ದಳು. ಎಲ್ಲರೂ ಅವಳನ್ನು ಪಿಸುಮಾತು ಎಂದೇ ಕರೆಯುವುದು. ಪಕ್ಕದಲ್ಲಿ ಕೂತರೂ ಅವಳು ಹೇಳಿದ್ದು ಕೇಳಿಸದು. "ರೋಗಿ ಕಿವುಡ ಆಗಿದ್ರೆ ಏನ್ ಮಾಡ್ತೀಯೆ, ಚಿತ್ರ ಬರೆದು ತೋರಿಸ್ತೀಯಾ" ಎಂದು ಮೇಡಂ ರೇಗಿಸುತ್ತಿದ್ದರು. ಹೋದ ಸೆಮಿಸ್ಟರ್ ಅವಳು ಫೇಲು. ಎರಡನೇ ಸಲ ಫೇಲಾದರೆ ಕಾಲೇಜು ಬಿಡಬೇಕು, ಅದು ಇಲ್ಲಿನ ನಿಯಮ. ಅವಳ ಕೈ ಮಾತ್ರ ನೋಡಬೇಕಿತ್ತು ನೀನು. ಅವಳು ಎತ್ತಿ ಕೂರಿಸಿದರೆ ಎತ್ತಿದ್ದೇ ತಿಳಿಯುತ್ತಿರಲಿಲ್ಲ.

ಕೊನೆಯ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಅವತ್ತು ನನ್ನ ಚೀಟಿಯಲ್ಲಿದ್ದುದು ಮೆಟ್ಟಿಲಿಂದ ಬಿದ್ದು ಉಳುಕಿದ ಮೊಣಕಾಲು. ರೋಗಿಯನ್ನು ಎಬ್ಬಿಸಿ ಕೂರಿಸಬೇಕು, ಮೊಣಕಾಲಿಗೆ ಪಟ್ಟಿ ಸುತ್ತಬೇಕು, ಗಂಟೆ ಹೊಡೆಯುವುದರೊಳಗೆ ಮುಗಿಸಬೇಕು. ಪಿಸುಮಾತು ನನ್ನ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಅರ್ಧಕ್ಕೆ ಅವಳ ಕೈ ನಿಂತಿತು. ಮೆಲ್ಲಗೆ ಒತ್ತಿದಳು, ಮತ್ತೆ ಒತ್ತಿದಳು. "ಅಜ್ಜಿ, ಇಲ್ಲಿ ಇದು ಯಾವಾಗಿನಿಂದ ಇದೆ?" ಅಂದಳು.

ನಾನು ಏನು ಹೇಳಲಿ? ಅಭ್ಯಾಸದ ರೋಗಿ ಚೀಟಿ ಬಿಟ್ಟು ಮಾತಾಡಿದರೆ ಆ ವಿದ್ಯಾರ್ಥಿಯ ಪರೀಕ್ಷೆಯೇ ರದ್ದು. ಅವಳನ್ನು ದಾರಿಗೆ ತರೋಣವೆಂದು "ಅಯ್ಯೋ ಮೊಣಕಾಲು ಕಣಮ್ಮ, ಮೊಣಕಾಲು" ಎಂದು ನರಳಿದೆ. ಅವಳು ಕೇಳಲಿಲ್ಲ. ಪರೀಕ್ಷಕರ ಕಡೆ ತಿರುಗಿ, "ಸಾರ್, ಇವರ ಕಂಕುಳಲ್ಲಿ ಗಂಟಿದೆ" ಅಂದಳು. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. ಅವರು ನಕ್ಕು, "ಮೊಣಕಾಲಿಗೆ ಹೊರಟವಳು ಕಂಕುಳಿಗೆ ಹೋಗಿದ್ದೀಯಲ್ಲಮ್ಮ, ದಾರೀಲಿ ಯಾರನ್ನಾದ್ರೂ ಕೇಳ್ಬಾರದಿತ್ತಾ?" ಅಂದರು. ಬಾಗಿಲ ಹತ್ತಿರ ಸರದಿಗೆ ನಿಂತಿದ್ದವರೂ ನಕ್ಕರು. "ಮೊದಲು ಇದನ್ನ ನೋಡ್ಬೇಕು ಸಾರ್" ಎಂದು ಆ ಹುಡುಗಿ ಹಟ ಹಿಡಿದು ನಿಂತೇ ಇದ್ದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗಂಟೆ ಹೊಡೆಯಿತು. ಸುತ್ತದ ಪಟ್ಟಿ ಅವಳ ಕೈಯಲ್ಲೇ ಉಳಿಯಿತು.

ಮನೆಗೆ ಬಂದು ಅಂಗಿ ಬಿಚ್ಚಿದೆ. ಕೈಯಿಟ್ಟು ನೋಡಿಕೊಳ್ಳಲಿಲ್ಲ ಕಣೇ, ಹೆದರಿಕೆಯಾಯಿತು. ಅಂಗಿಯನ್ನು ನೋಡಿದೆ. ಬೇಸಿಗೆಯಲ್ಲಿ ಬಲಗಡೆ ಕಂಕುಳ ಬಿಗಿ ಎಂದು ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡಿದ್ದೆ. ಆಮೇಲೆ ಇನ್ನೊಂದು ಸಲ. ಪೆಟ್ಟಿಗೆಯಲ್ಲಿದ್ದ ಅಂಗಿಗಳನ್ನೆಲ್ಲ ತೆಗೆದೆ. ಎಲ್ಲದರದ್ದೂ ಬಲಗಡೆ ಹೊಲಿಗೆ ಬಿಚ್ಚಿ ಸಡಿಲ ಮಾಡಿದ್ದೇನೆ, ಎಡಗಡೆ ಹಾಗೇ ಇದೆ. ವಯಸ್ಸಾಯಿತು, ಮೈ ಬಂತು ಎಂದುಕೊಂಡಿದ್ದೆ. ಒಂದೇ ಕಡೆ ದಪ್ಪ ಆಗುವವರನ್ನು ಯಾರಾದರೂ ನೋಡಿದ್ದಾರೆಯೇ? ಬೇರೆ ಯಾರಾದರೂ ಅಂಥ ಅಂಗಿ ತಂದಿದ್ದರೆ, ಇದೇನಮ್ಮ ಹೀಗೆ ಎಂದು ಕೇಳುತ್ತಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಅಮ್ಮ ಗಾದೆ ಹೇಳುತ್ತಿದ್ದಳಲ್ಲ, ಇಲ್ಲದ ಕಾಯಿಲೆಗೆಲ್ಲ ನರಳುತ್ತಾ ಇದ್ದೆ ನಾನು.

ಮಾರನೇ ದಿನ ಮೇಡಂ ಹತ್ತಿರ ಹೋದೆ. ಅವರು ಬಾಗಿಲು ಹಾಕಿ, ಕೈ ತೊಳೆದು, ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಮುಟ್ಟಿದರು. ಹುಡುಗಿಯರಿಗೆ ಹಾಗೇ ಕಲಿಸುವುದು, ತಣ್ಣಗಿನ ಕೈ ಇಡಬೇಡಿ ಅಂತ. ಎರಡೂ ಕಡೆ ಒತ್ತಿ ನೋಡಿದರು. ಆಮೇಲೆ "ಅಂಗಿ ಹಾಕ್ಕೊಳ್ಳಿ ಟೇಲರಮ್ಮ, ನಾನೂ ಜೊತೇಲಿ ಬರ್ತೀನಿ" ಅಂದರು.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಏನೇನೋ ತೆಗೆದುಕೊಂಡರು. ವಾರ ಬಿಟ್ಟು ಬನ್ನಿ ಅಂದರು, ಹೋದೆವು. ಗುಬ್ಬೀ, ಕೆಟ್ಟ ಸುದ್ದಿ ಹೇಳುವುದು ಹೇಗೆ ಎಂಬುದೂ ಕಾಲೇಜಿನಲ್ಲಿ ಒಂದು ಪಾಠ. ಕುರ್ಚಿ ಹತ್ತಿರ ಎಳೆದುಕೊಳ್ಳಬೇಕು, ಗಡಿಯಾರ ನೋಡಬಾರದು, ರೋಗಿ ಮಾತಾಡುವ ತನಕ ಕಾಯಬೇಕು. ಆ ಪಾಠಕ್ಕೆ ನಾನು ಎಷ್ಟೋ ಸಲ ಮಲಗಿದ್ದೇನೆ. ಡಾಕ್ಟರು ಒಳಗೆ ಬಂದು ಕುರ್ಚಿ ಎಳೆದುಕೊಂಡರು. ಅದರ ಕಾಲು ನೆಲಕ್ಕೆ ಉಜ್ಜಿದ ಸದ್ದಿಗೇ ನನಗೆ ಎಲ್ಲ ತಿಳಿಯಿತು. ಪಕ್ಕದಲ್ಲಿದ್ದ ಮೇಡಂ ತಲೆ ತಗ್ಗಿಸಿದರು. ಕತ್ತರಿಸಿ ತೆಗೆಯುವ ಕಾಲ ದಾಟಿದೆಯಂತೆ, ಒಳಗೂ ಹರಡಿದೆಯಂತೆ. ನೋವಿಗೆ ಔಷಧಿ ಕೊಡುತ್ತಾರಂತೆ. ಚೀಟಿಯಲ್ಲಾದರೆ ಆ ಜಾಗದಲ್ಲಿ "ಅಳು" ಎಂದು ಬರೆದಿರುತ್ತದೆ, ಕರೆದ ತಕ್ಷಣ ಕಣ್ಣೀರು ಬರುತ್ತಿತ್ತು ನನಗೆ. ಅವತ್ತು ಬರಲಿಲ್ಲ. "ಡಾಕ್ಟರೇ, ನಿಮ್ಮ ಕೋಟಿನ ಮೇಲಿನ ಗುಂಡಿ ಸಡಿಲ ಆಗಿದೆ, ಬಿದ್ದುಹೋಗತ್ತೆ" ಅಂದೆ. ಅವರು ಗುಂಡಿ ಹಿಡಿದುಕೊಂಡು ಕೂತರು ಪಾಪ. ಏಪ್ರಿಲ್ ವಿಚಾರ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಆ ಹುಡುಗಿಯದ್ದಾದರೂ ಸರಿಹೋಗಲಿ ಎಂದು ಮೇಡಂ ಓಡಾಡಿದರು. ಆಸ್ಪತ್ರೆಯ ಕಾಗದ ಹಿಡಿದು ಪರೀಕ್ಷಕರ ಹತ್ತಿರ ಹೋದರು, ಆಫೀಸಿಗೆ ಹೋದರು. ಪರೀಕ್ಷಕರು ಕೆಟ್ಟವರೇನಲ್ಲ, ಕೇಳಿ ಪೆಚ್ಚಾದರಂತೆ. ಆದರೆ ಪರೀಕ್ಷೆ ಇದ್ದದ್ದು ಮೊಣಕಾಲಿಗೆ, ಮೊಣಕಾಲಿಗೆ ಅವಳು ಪಟ್ಟಿ ಸುತ್ತಲಿಲ್ಲ. ಚೀಟಿಯಲ್ಲಿ ಇಲ್ಲದ್ದಕ್ಕೆ ಅಂಕ ಎಲ್ಲಿಂದ ಕೊಡುವುದು ಅಂದರಂತೆ. ಹೊಸ ಪಾಠಕ್ಕೆ ಅವಳು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತುಕೊಳ್ಳಲಿ ಬಿಡಿ ಎಂದು ನಾನೂ ಆಫೀಸಿನಲ್ಲಿ ಬೇಡಿದೆ. ಕಾಲೇಜು ಬಿಟ್ಟವಳನ್ನು ಒಳಗೆ ಬಿಡುವ ಹಾಗಿಲ್ಲವಂತೆ. ಶುಕ್ರವಾರದ ಸಮಾರಂಭಕ್ಕೆ ನಾನು ಹೋಗುವುದಿಲ್ಲ.

ಅವಳು ಈಗ ಮುಖ್ಯ ರಸ್ತೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಾಳೆ. ಮೊನ್ನೆ ಸಂಜೆ ಬಂದಿದ್ದಳು. ಬಿಸಿನೀರಿಗೆ ಕೈ ಕೆಂಪಾಗಿತ್ತು. ಬಾಗಿಲಲ್ಲೇ ನಿಂತು "ಅಜ್ಜಿ, ನಂದೇ ತಪ್ಪಾಗಿದ್ರೆ ಚೆನ್ನಾಗಿತ್ತು" ಅಂದಳು. ನಾನು "ಹುಚ್ಚಿ, ಮೊಣಕಾಲು ಸುತ್ತಿ ಬಾಯಿ ಮುಚ್ಕೊಂಡಿದ್ರೆ ಪಾಸಾಗ್ತಿದ್ದೆ ನೀನು" ಎಂದು ಬೈದೆ. ಅವಳು ಅವಳ ಆ ದನಿಯಲ್ಲೇ, "ನಿಮಗೆ ಗಂಟಿಲ್ಲದೆ ಇದ್ದಿದ್ರೆ ಇಬ್ಬರೂ ಪಾಸಾಗ್ತಿದ್ವಿ ಅಜ್ಜಿ" ಅಂದಳು. ನನಗೆ ನಗು ಬಂದುಬಿಟ್ಟಿತು. ಅವಳೂ ನಕ್ಕಳು. ಆಮೇಲೆ ಡಾಕ್ಟರ ಮುಂದೆ ಬಾರದ್ದು ಬಂತು. ಅವಳು ಕುರ್ಚಿ ಎಳೆದುಕೊಳ್ಳಲಿಲ್ಲ. ನೆಲದ ಮೇಲೆ ಕೂತು, ಅವತ್ತಿನಿಂದ ಹಾಗೇ ಬಿದ್ದಿದ್ದ ನನ್ನ ಅಂಗಿಗಳನ್ನೆಲ್ಲ ಒಂದೊಂದಾಗಿ ಮಡಿಸಿ ಪೆಟ್ಟಿಗೆಗೆ ಇಟ್ಟು ಹೋದಳು.

ಇಷ್ಟೇ ಸುದ್ದಿ. ನೀನು ಅಳುತ್ತಾ ಕೂರಬೇಡ, ಕೆಮ್ಮು ಹೆಚ್ಚಾಗುತ್ತದೆ. ಬಸ್ಸಿನಲ್ಲಿ ಅಷ್ಟು ದೂರ ಕೂರಲು ಈಗ ನನ್ನಿಂದಾಗದು, ಬಲಗೈ ಜೋಮು ಹಿಡಿಯುತ್ತದೆ. ಅಕ್ಷರ ಸೊಟ್ಟಗಿರುವುದೂ ಅದಕ್ಕೇ. ಹೊಟ್ಟೆಯಲ್ಲಿರುವ ಕೂಸಿಗೆ ಚಿಕ್ಕ ಅಂಗಿಗಳನ್ನು ಹೊಲಿದು ಇದರ ಜೊತೆ ಕಳಿಸಿದ್ದೇನೆ. ಒಂದಕ್ಕೆ ಗುಂಡಿ ಹಚ್ಚಿಲ್ಲ, ನೀನೇ ಹಚ್ಚಿಕೋ. ದೊಡ್ಡವಳಿಗೆ ಸದ್ಯಕ್ಕೆ ಏನೂ ಹೇಳಬೇಡ. ಈ ಕಾಗದವನ್ನು ಅಳಿಯನಿಗೆ ಮೇಲಿನ ಅರ್ಧ ಮಾತ್ರ ಓದಿ ಹೇಳು. ಕಿಟಕಿ ಪಕ್ಕದ ಮಂಚದಲ್ಲಿ ಸಿಡುಕಪ್ಪನನ್ನು ಮಲಗಿಸು. ಬೆಳಕು ಬಿದ್ದರೆ ಬೇಗ ಏಳುತ್ತಾನೆ.

ನಿನ್ನ ಯಜಮಾನರ ಬೆನ್ನು ಒಪ್ಪಿದರೆ ನೀನೇ ಒಮ್ಮೆ ಬಂದು ಹೋಗು. ಒಪ್ಪದಿದ್ದರೂ ಬಾ.

ಎಂದಿನಂತೆ ನಿನ್ನ,
ಅಕ್ಕ

ಮರೆತಿದ್ದೆ: ಹೊಸ ಪಾಠ ಯಾವುದು ಎಂದು ನೀನು ಕೇಳಿಯೇ ಕೇಳುತ್ತೀ. ಸಾಯುವವರ ಆರೈಕೆ. ಬೇಡವೇ ಬೇಡ ಎಂದು ಮೇಡಂ ಜಗಳವಾಡಿದರು, ನಾನೇ ಬಿಡಲಿಲ್ಲ. ಒಪ್ಪಿದ ಮೇಲೆ ಎಂದಿನ ಹಾಗೆ ಚೀಟಿಗೆ ಕೈ ಚಾಚಿದೆ. ಅವರು ಆ ಕೈಯನ್ನೇ ಹಿಡಿದುಕೊಂಡು, "ಈ ಸಲ ಚೀಟಿ ಇಲ್ಲ ಟೇಲರಮ್ಮ" ಅಂದರು. ಪಾಠ ಫೆಬ್ರವರಿಯಲ್ಲಿ ಶುರು. ಅದಕ್ಕೆ ಮೊದಲೇ ನನಗೆ ಕಾಗದ ಬರೆ.