ಓಬಮ್ಮ ತಮಟೆ ನಿಲ್ಲಿಸಿದಳು

ರೀ,

ಈಗ ಸಂಜೆ ಏಳು ಗಂಟೆ. ಇವತ್ತು ಕಡೂರಿನಲ್ಲಿ ತಾಲ್ಲೂಕು ಪಂಚಾಯಿತಿ ಚುನಾವಣೆಯ ಎಣಿಕೆ ಇತ್ತು. ಇಷ್ಟು ವರ್ಷ ಆಳಿದ ನಿಮ್ಮ ಪಕ್ಷ ತಾಲ್ಲೂಕಿನಲ್ಲಿ ಅಧಿಕಾರ ಕಳೆದುಕೊಂಡಿತು. ನಿಮ್ಮ ಜಾಗದಲ್ಲಿ ನಿಂತಿದ್ದ ನಮ್ಮ ಅನುಪಮಾ ಸೋತಳು. ಪ್ರತಿ ಸಲ ನಿಮ್ಮೆದುರು ನಿಂತು ಸೋಲುತ್ತಿದ್ದ ಓಬಮ್ಮ ಗೆದ್ದಳು.

ಅವಳ ಮೆರವಣಿಗೆ ನಮ್ಮ ಬೀದಿಗೆ ತಿರುಗಿದಾಗ ನಾನು ಬಾಗಿಲು ಹಾಕಲು ಎದ್ದೆ. ಅನುಪಮಾ ಬಿಡಲಿಲ್ಲ. ಹೊಸ್ತಿಲು ದಾಟಿ ಹೊರಗೆ ಹೋಗಿ ನಿಂತಳು. ಅಷ್ಟರಲ್ಲಿ ಓಬಮ್ಮನ ದನಿ ಕೇಳಿತು.

"ಲೇ ಪರಮೇಶ, ನಿಲ್ಸೋ ತಮಟೆನ! ವರ್ಷ ತುಂಬದ ಮನೆ ಕಣೋ."

ಬೀದಿ ಸುಮ್ಮನಾಯಿತು. ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡು ಅವಳು ನಮ್ಮ ಜಗುಲಿಗೆ ಬಂದಳು.

"ಯಾಕತ್ತೆ ನಿಲ್ಸಿದ್ರಿ? ಗೆದ್ದೋರು ಬಾರಿಸ್ಬೇಕು," ಎಂದು ನಿಮ್ಮ ಮಗಳು ನಕ್ಕಳು.

"ನಿಮ್ಮಪ್ಪ ಎದುರಿಗಿಲ್ದೆ ಗೆದ್ದಿದ್ದು ಒಂದು ಗೆಲುವೇನೇ? ಅದಿರ್ಲಿ, ಕೆರೆ ಏರಿ ಕೆಲಸ ಎಲ್ಲಿಗೆ ನಿಲ್ಸಿ ಹೋದ್ರು ಅವ್ರು? ನಂಗೆ ತೋರಿಸ್ಬೇಕು ನೀನು."

ನಿಮ್ಮ ಕೆಲಸ ಮುಂದುವರಿಸಲು ದಾರಿ ಕೇಳಿಕೊಂಡು ಬಂದದ್ದು ಅವಳೊಬ್ಬಳೇ. ಒಳಗೆ ಕರೆದು ಕಾಫಿ ಕೊಟ್ಟೆ. ನಿಮ್ಮ ಫೋಟೋದ ಮುಂದೆ ಹಾರ ಇಟ್ಟು ಹೋದಳು.

ನೀವು ಗೆದ್ದಾಗ ಅವಳ ಮನೆ ಮುಂದೆ ತಮಟೆ ಇನ್ನೂ ಜೋರಾಗುತ್ತಿತ್ತು. ನಾನು ನಿಮ್ಮ ಪಕ್ಕದಲ್ಲೇ ನಡೆಯುತ್ತಿದ್ದೆ. ಅವಳ ಬಾಗಿಲು ಒಂದು ಸಲವೂ ಹಾಕಿರಲಿಲ್ಲ.

ನಾಳೆ ಬೆಳಿಗ್ಗೆ ಅನುಪಮಾ ಓಬಮ್ಮನ ಜೊತೆ ಕೆರೆ ಏರಿಗೆ ಹೋಗುತ್ತಾಳೆ.