ಪಂಚಮಿಗೆ ಹುಟ್ಟಿದವಳು

ಗೋವಿಂದರಾಜನಗರ, ಬೆಂಗಳೂರು
೯ ಮಾರ್ಚ್ ೨೦೦೮, ಭಾನುವಾರ

ಅವ್ವನ ಮುದ್ದಿನ ಮಗ ಚಿರಂಜೀವಿ ಅಮರೇಶನಿಗೆ,

ನಿನ್ನ ಅಕ್ಕ ನಾಗವೇಣಿಯ ಆಶೀರ್ವಾದಗಳು. ಹೌದು, ಆಶೀರ್ವಾದವೇ. ಇಷ್ಟು ವರ್ಷ ಶಾಲೆಯವರ ಮುಂದೆ ನನ್ನನ್ನು ತಂಗಿ ತಂಗಿ ಎಂದು ಆಡಿಸಿದ್ದು ಸಾಕು, ಇನ್ನು ಮೇಲೆ ತಲೆ ಬಗ್ಗಿಸಿ ತೆಗೆದುಕೋ. ಮೈಯಲ್ಲಿ ಹುಷಾರಾಗಿದ್ದೀಯಾ? ಜೈಲಿನಲ್ಲಿ ಹತ್ತಿದ ಕೆಮ್ಮು ಬಿಟ್ಟಿತೇ? ಶುಕ್ರವಾರ ಸಂಜೆ ನಿನ್ನನ್ನು ಜೈಲಿನ ಬದಲು ಹುಡುಗರ ವೀಕ್ಷಣಾಲಯಕ್ಕೆ ಕರೆದೊಯ್ದ ಮೇಲೆ ಅವ್ವ ಒಂದೇ ಮಾತು ಹೇಳುತ್ತಿದ್ದಾಳೆ, ಅಲ್ಲಿ ಚಾಪೆ ಕೊಡುತ್ತಾರೋ ಇಲ್ಲವೋ ಎಂದು. ಕೊಡುತ್ತಾರಾ? ಅಲ್ಲಿಗೆ ಬರುವ ಕಾಗದಗಳನ್ನು ಅಧಿಕಾರಿಗಳು ಮೊದಲು ಓದುತ್ತಾರಂತೆ. ಓದುವ ಸಾಹೇಬರಿಗೆ ನಮಸ್ಕಾರ. ನಮ್ಮ ಮನೆಯ ಮಾತು ಸ್ವಲ್ಪ ಖಾರ ಇರುತ್ತದೆ, ತಪ್ಪು ತಿಳಿಯಬೇಡಿ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಚೆನ್ನಾಗಿ ಎಂದರೆ ಏನು, ಮನೆಯಲ್ಲಿ ನೀನಿಲ್ಲದಿದ್ದರೂ ಎಲ್ಲ ಕಡೆ ನೀನೇ ಇದ್ದೀಯ. ಅವ್ವ ಖಾನಾವಳಿಯ ರೊಟ್ಟಿ ಬಡಿಯುವುದನ್ನು ಬಿಟ್ಟು ದೇವರ ಮುಂದೆ ಕೂತವಳು ಮೊನ್ನೆಯವರೆಗೂ ಏಳಲಿಲ್ಲ. ಆ ರೊಟ್ಟಿಯನ್ನು ಬೆಳಿಗ್ಗೆ ಎದ್ದು ಬಡಿದು, ವಿಜಯನಗರದ ಖಾನಾವಳಿಗೆ ಮುಟ್ಟಿಸಿ, ಆಮೇಲೆ ಮೊದಲ ವರ್ಷದ ಪಿಯುಸಿ ಪರೀಕ್ಷೆ ಬರೆದವಳು ನಾನು. ಪರೀಕ್ಷೆ ಹೇಗಾಯಿತು ಎಂದು ಈ ಮನೆಯಲ್ಲಿ ಒಂದು ನರಪಿಳ್ಳೆ ಕೇಳಿದ್ದರೆ ಹೇಳು. ಮೊನ್ನೆ ಶಿವರಾತ್ರಿಗೆ ನಿನಗೆ ಹದಿನೇಳು ತುಂಬಿತೆಂದು ಅವ್ವ ನೀರು ಸಹ ಕುಡಿಯಲಿಲ್ಲ. ಜೈಲಿಗೆ ನಿನ್ನನ್ನು ನೋಡಲು ಹೋದಾಗಲೆಲ್ಲ ಶೇಂಗಾ ಹೋಳಿಗೆ ಕಟ್ಟಿದಳು. ಒಳಗೆ ಬಿಡದೆ ವಾಪಸ್ ಬಂದ ಹೋಳಿಗೆಯನ್ನೂ ನನಗೆ ಕೊಡದೆ ನಿನ್ನ ಹೆಸರಲ್ಲಿ ಡಬ್ಬಿಯಲ್ಲಿ ಇಟ್ಟಳು. "ನನ್ನ ಕೂಸು ಒಣಗಿ ಕಟ್ಟಿಗಿ ಆಗೇತಿ" ಅನ್ನುತ್ತಾಳೆ. ಅವಳ ಇನ್ನೊಂದು ಕೂಸು ಒಲೆಯ ಮುಂದೆ ಹೊಗೆ ಕುಡಿಯುತ್ತಾ ಕೂತಿರುವುದು ಅವಳಿಗೆ ಕಾಣುವುದಿಲ್ಲ. ಹೊಟ್ಟೆಕಿಚ್ಚು ಅನ್ನುತ್ತೀಯಾ? ಅನ್ನು. ಹೊಟ್ಟೆಕಿಚ್ಚೇ. ಮುಚ್ಚಿಟ್ಟುಕೊಂಡು ನನಗೇನು ಆಗಬೇಕಾಗಿದೆ.

ಈ ಹೊಟ್ಟೆಕಿಚ್ಚು ಇವತ್ತಿನದಲ್ಲ, ನಿನಗೂ ಗೊತ್ತು. ನನಗೆ ಆರು ತುಂಬುತ್ತಾ ಬಂದಿತ್ತು, ನಿನಗೆ ನಾಲ್ಕು. ಶಾಲೆಗೆ ಹೋಗುವುದು ನಾನು ಎಂದು ಪಾಟಿ ಹಿಡಿದುಕೊಂಡು ಲಿಂಗಸೂಗೂರು ಸೀಮೆಯ ಆ ಬಿಸಿಲಲ್ಲಿ ಅಪ್ಪನ ಹಿಂದೆ ನಡೆದೆ. ನೀನು ಅಪ್ಪನ ಹೆಗಲ ಮೇಲೆ ಇದ್ದೆ. ಈ ಹುಡುಗನಿಗೆ ವಯಸ್ಸು ಸಾಲದು ಎಂದರು ಮಾಸ್ತರರು. ಆಮೇಲೆ ಅವರೇ, "ಮನ್ಯಾಗ ಆರು ತುಂಬಾಕ ಬಂದದ್ದು ಯಾವುದರ ಐತೇನು? ಅದರ ತಾರೀಖು ಹೇಳು ರಾಚಪ್ಪ, ನಡೀತೈತಿ" ಎಂದರು. ಅಪ್ಪ ನನ್ನ ತಾರೀಖು ಹೇಳಿಬಿಟ್ಟ. ಆಗಸ್ಟ್ ಆರು, ನಾಗರಪಂಚಮಿ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಹೀಗೆ ಬರೆಸಿಲ್ಲ, ಅದು ಯಾರಿಗೂ ಸುಳ್ಳು ಅನ್ನಿಸುವುದೇ ಇಲ್ಲ. ಹಾಗಾದರೆ ನಾನು? "ಗಂಡುಹುಡುಗ ಮುಂದ ಹೋಗ್ಲಿ, ಹೆಣ್ಣು ಎಲ್ಲಿ ಓಡಿ ಹೋಗತೈತಿ" ಎಂದ ಅಪ್ಪ. ನಾನು ಎರಡು ವರ್ಷ ಮನೆಯಲ್ಲಿದ್ದೆ. ಮೇಕೆ ಕಾದೆ, ಮಧ್ಯಾಹ್ನ ನಿನಗೆ ಬುತ್ತಿ ತಂದೆ. ಆಮೇಲೆ ನನ್ನನ್ನು ಸೇರಿಸುವಾಗ ಒಬ್ಬ ತಾಯಿಗೆ ಒಂದೇ ದಿನ ಎರಡು ಸಲ ಹೆರಿಗೆ ಆಗಲು ಸಾಧ್ಯವೇ? ಹಾಗಾಗಿ ಮಾಸ್ತರರು ಎಲ್ಲ ಮಕ್ಕಳಿಗೂ ಬರೆಯುವ ಹಾಗೆ ಜೂನ್ ಒಂದು ಎಂದು ಬರೆದರು, ಎರಡು ವರ್ಷ ಈಚೆಗೆ. ಅಂದಿನಿಂದ ಕಾಗದದಲ್ಲಿ ನಾನು ನಿನ್ನ ತಂಗಿ. ಬೆಂಗಳೂರಿಗೆ ಬಂದ ಮೇಲೆ ಪ್ರತಿ ಆಗಸ್ಟ್ ಆರಕ್ಕೆ ನೀನು ಹೊಸ ಅಂಗಿ ಹಾಕಿಕೊಂಡು ಶಾಲೆಯಲ್ಲಿ ಚಾಕೊಲೇಟ್ ಹಂಚುತ್ತಿದ್ದೆ. "ತಗೋ ತಂಗೀ" ಎಂದು ಕಣ್ಣು ಹೊಡೆದು ನನಗೂ ಒಂದು ಕೊಡುತ್ತಿದ್ದೆ. ನನ್ನ ಹುಟ್ಟಿದ ದಿನದ ಚಾಕೊಲೇಟ್ ನನಗೇ ದಾನ! ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ.

ಈಗ ಅದೇ ತಾರೀಖು ನಿನ್ನ ಕೊರಳಿಗೆ ಬಿತ್ತು ನೋಡು. ಗ್ಯಾರೇಜಿನಲ್ಲಿ ನಿಮ್ಮ ಓನರ್ ಹೇಳಿದನೆಂದು ಕದ್ದ ಬೈಕಿಗೆ ನಂಬರ್ ಪ್ಲೇಟ್ ಬದಲಾಯಿಸಿದೆ, ಪೊಲೀಸರು ಅವನ ಜೊತೆ ನಿನ್ನನ್ನೂ ಹಿಡಿದರು. ಆಗ ಅಪ್ಪ ಏನು ಮಾಡಿದ ಗೊತ್ತಲ್ಲ. ಟೈಲ್ಸ್ ಕೆಲಸ ಅರ್ಧಕ್ಕೆ ಬಿಟ್ಟು ಮನೆಗೆ ಓಡಿ ಬಂದು, ನಿನ್ನ ಶಾಲೆಯ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಸ್ಟೇಷನ್ನಿಗೆ ಹೋಗಿ ತಾನೇ ಕೊಟ್ಟ. ಮಗ ಓದಿದವನು ಎಂದು ಗೊತ್ತಾದರೆ ಮರ್ಯಾದೆ ಕೊಡುತ್ತಾರೆ ಎಂದುಕೊಂಡಿದ್ದ. ಅದರಲ್ಲಿ ನಿನಗೆ ಹದಿನೆಂಟು ದಾಟಿತ್ತು. ನೀನು ದೊಡ್ಡವರ ಜೈಲಿಗೆ ಹೋದೆ. ಆಮೇಲೆ ಉಚಿತ ಕಾನೂನು ನೆರವಿನ ಅನಘಾ ಮೇಡಂ ಸಿಕ್ಕಿದ್ದು, ನಿನ್ನ ಎಲುಬಿನ ಎಕ್ಸ್‌ರೇ ತೆಗೆಸಿದ್ದು. ಹದಿನಾರರಿಂದ ಹದಿನೆಂಟರ ಒಳಗೆ ಇರಬಹುದು ಎಂದರು ಡಾಕ್ಟರು. ಆದರೆ ಶಾಲೆಯ ದಾಖಲೆ ಇರುವಾಗ ಎಕ್ಸ್‌ರೇ ಮಾತು ನಡೆಯುವುದಿಲ್ಲವಂತೆ. ಆ ತಾರೀಖು ನಿನ್ನದಲ್ಲ ಎಂದು ಯಾರಾದರೂ ಹೇಳಬೇಕಿತ್ತು. ಅಪ್ಪನ ಮಾತು ಮಗನನ್ನು ಬಿಡಿಸಲು ಹೇಳಿದ ಮಾತಾಗುತ್ತದೆ. "ಆ ಡೇಟ್ ಯಾರ್ದೋ ಅವ್ರೇ ಬಂದು ಹೇಳಿದ್ರೆ ಮಾತ್ರ ನಿಲ್ಲುತ್ತೆ, ನಾಗವೇಣಿ" ಎಂದರು ಮೇಡಂ.

ನಾನು ತಕ್ಷಣ ಹೂಂ ಅನ್ನಲಿಲ್ಲ. ಅದನ್ನು ನಿನಗೆ ಅವ್ವ ಹೇಳಿಯೇ ಇರುತ್ತಾಳೆ, ಅಕ್ಕನ ಎದೆ ಕಲ್ಲು ಎಂದು. ಯಾಕೆ ಅನ್ನಲಿಲ್ಲ ಎಂದು ಅವಳು ಹೇಳಿರುವುದಿಲ್ಲ. ಲಿಂಗಸೂಗೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಶ್ರೀಶೈಲನಿಗೆ ನನ್ನನ್ನು ಕೊಡಬೇಕೆಂದು ಅಪ್ಪ ಎರಡು ವರ್ಷದಿಂದ ಕುಣಿಯುತ್ತಿದ್ದಾನೆ. ಹೋದ ವರ್ಷ ನಮ್ಮೂರಲ್ಲಿ ಹದಿನೈದರ ಹುಡುಗಿಯ ಮದುವೆಯನ್ನು ಅಧಿಕಾರಿಗಳು ಹಂದರದಲ್ಲೇ ನಿಲ್ಲಿಸಿದರಲ್ಲ, ಅಂದಿನಿಂದ ಅಪ್ಪನಿಗೆ ಅಂಜಿಕೆ. "ಕಾಗದದಾಗ ಹದಿನಾರು ಐತಿ, ಹದಿನೆಂಟು ಆಗೂತನ ಕಾಯೂಣು" ಅನ್ನುತ್ತಿದ್ದ. ನನ್ನನ್ನು ಕಾಯುತ್ತಿದ್ದುದು ಆ ಸುಳ್ಳು ಜೂನ್ ಒಂದೇ ಕಣೋ. ಅದು ಇರುವಷ್ಟರಲ್ಲಿ ನಾನು ಪಿಯುಸಿ ಮುಗಿಸಿ, ಟೀಚರ್ ಆಗಲು ಟಿ.ಸಿ.ಎಚ್. ಸೇರಬಹುದಿತ್ತು. ನಿನ್ನ ತಲೆಯಿಂದ ಆ ತಾರೀಖನ್ನು ಇಳಿಸಿದರೆ ಅದು ನನ್ನ ತಲೆಯ ಮೇಲೆ ಕೂರುತ್ತದೆ. ನೀನು ಸಣ್ಣವನಾಗಬೇಕಾದರೆ ನಾನು ದೊಡ್ಡವಳಾಗಬೇಕು. ಅವ್ವನಿಗೆ ಇದು ಅರ್ಥವಾಗಲಿಲ್ಲ ಎಂದುಕೊಂಡಿದ್ದೆ. ಆಗಿತ್ತು. ಆದರೂ ಮಗನೇ ಬೇಕಾದ ಅವಳಿಗೆ.

ಶುಕ್ರವಾರ ಬಾಲನ್ಯಾಯ ಮಂಡಳಿಯಲ್ಲಿ ನಿನ್ನನ್ನು ಹೊರಗೆ ಕೂರಿಸಿದ್ದರು, ಅದಕ್ಕೇ ಒಳಗೆ ಏನಾಯಿತೆಂದು ನಾನು ಬರೆಯುತ್ತಿದ್ದೇನೆ. ಅಲ್ಲಿ ಸಿನಿಮಾದಲ್ಲಿ ತೋರಿಸುವ ಕಟಕಟೆ ಇಲ್ಲ. ಒಂದು ಉದ್ದ ಮೇಜು, ಆಚೆ ಮ್ಯಾಜಿಸ್ಟ್ರೇಟರು, ಅವರ ಜೊತೆ ಇನ್ನಿಬ್ಬರು. ಸರ್ಕಾರಿ ವಕೀಲರು ನನ್ನನ್ನು ನೋಡಿ ನಕ್ಕರು. ಅಣ್ಣನ ಮೇಲಿನ ಪ್ರೀತಿಗೆ ಈ ಹುಡುಗಿ ಏನು ಬೇಕಾದರೂ ಹೇಳುತ್ತಾಳೆ ಎಂದರು. ನನಗೆ ಸಿಟ್ಟು ಬಂತು. "ಪ್ರೀತಿ ಅಲ್ಲ ಸಾರ್, ನನಗ ಅವನ ಮ್ಯಾಲ ಹೊಟ್ಟಿಕಿಚ್ಚು ಐತಿ" ಅಂದುಬಿಟ್ಟೆ. ಭಯದಲ್ಲಿ ಬೆಂಗಳೂರಿನ ಮಾತೆಲ್ಲ ಮರೆತು ನಮ್ಮ ಮಾತೇ ಬಾಯಿಗೆ ಬಂತು. ಆಮೇಲೆ ನಿಲ್ಲಿಸಲಿಲ್ಲ. ಪಾಟಿ, ಮೇಕೆ, ಚಾಕೊಲೇಟ್, ಎಲ್ಲ ಹೇಳಿದೆ. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ನಾಗವೇಣಿ ಎಂದು ಯಾಕೆ ಹೆಸರಿಟ್ಟರು ಎಂದು ಕೇಳಿದರು. ಪಂಚಮಿಯ ದಿನ, ಅವ್ವ ಹುತ್ತಕ್ಕೆ ಹಾಲೆರೆದು ಬಂದ ಮೇಲೆ ಹುಟ್ಟಿದೆ, ಅದಕ್ಕೆ ಎಂದೆ. ಅವನು ಅವತ್ತು ಹುಟ್ಟಿದ್ದರೆ ನಾಗಪ್ಪ ಆಗುತ್ತಿದ್ದ, ಅಮರೇಶ ಯಾಕಾಗುತ್ತಿದ್ದ ಎಂದೂ ಸೇರಿಸಿದೆ. ಆ ಇನ್ನಿಬ್ಬರಲ್ಲಿ ಮೇಜಿನ ಕೊನೆಯಲ್ಲಿದ್ದ ಮೇಡಂ ಹಳೆಯ ಪಂಚಾಂಗ ತರಿಸಿ ನೋಡಿದರು. ಆ ವರ್ಷದ ಪಂಚಮಿ ಆಗಸ್ಟ್ ಆರಕ್ಕೇ ಇತ್ತು. ಆಮೇಲೆ ನನ್ನನ್ನೇ ನೋಡುತ್ತಾ, ಈಗ ನಿನಗೆ ಎಷ್ಟಮ್ಮ ವಯಸ್ಸು ಎಂದರು. ಅಪ್ಪ ನನ್ನ ಹಿಂದೆಯೇ ನಿಂತಿದ್ದ. ಒಂದು ಸಲ ಬಾಗಿಲ ಕಡೆ ನೋಡಿದೆ. ನಿನ್ನ ಚಪ್ಪಲಿ ಕಾಣುತ್ತಿತ್ತು, ಜೈಲಿನಲ್ಲಿ ಒಂದರ ಉಂಗುಷ್ಠ ಕಿತ್ತು ದಾರ ಕಟ್ಟಿಕೊಂಡಿದ್ದೆ. ಹದಿನೆಂಟು ತುಂಬಿ ಏಳು ತಿಂಗಳಾಯಿತು ಎಂದೆ.

ಆ ತಾರೀಖು ನನ್ನದು, ನಿನಗೆ ಇನ್ನೂ ಹದಿನೆಂಟಾಗಿಲ್ಲ ಎಂದು ಅವರು ಒಪ್ಪಿ ಬರೆದರು. ಹೊರಗೆ ಬಂದ ಮೇಲೆ ಅವ್ವ ಅನಘಾ ಮೇಡಂ ಕಾಲು ಹಿಡಿದಳು. ಬಾಗಿಲ ಕಾಯುವವರ ಕೈ ಹಿಡಿದಳು. ನನಗೆ, ರೊಟ್ಟಿಗೆ ಹೊತ್ತಾಯಿತು, ಬಸ್ಸಿಗೆ ನಡಿ ಎಂದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಮಾಗಡಿ ರೋಡ್ ಬರುವವರೆಗೂ ಅತ್ತೆ. ನೀನು ಉಳಿದೆ ಎಂದು ಅತ್ತೆನೋ, ನನಗಾಗಿ ಯಾರೂ ಹೀಗೆ ಕಾಲು ಹಿಡಿಯುವುದಿಲ್ಲ ಎಂದು ಅತ್ತೆನೋ, ನನಗೇ ತಿಳಿಯದು. ಬರುವ ಶುಕ್ರವಾರ ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡು ನಿನ್ನನ್ನು ಮನೆಗೆ ಕಳಿಸುತ್ತಾರಂತೆ. ಕೇಸು ನಡೆಯುತ್ತದೆ, ಆದರೆ ನೀನು ಮನೆಯಲ್ಲಿರುತ್ತೀಯ. ಅವ್ವ ಆಗಲೇ ಶೇಂಗಾ ಹುರಿಯುತ್ತಿದ್ದಾಳೆ.

ಅಲ್ಲಿರುವಷ್ಟು ದಿನ ದೊಡ್ಡವರ ಮಾತು ಕೇಳು. ಚಿಕ್ಕ ಹುಡುಗರಿದ್ದರೆ ಅವರನ್ನು ಕಾಡಿಸಬೇಡ. ಅವ್ವ ಅಪ್ಪನ ಆಶೀರ್ವಾದಗಳು, ಓದುವ ಸಾಹೇಬರಿಗೆ ಇನ್ನೊಮ್ಮೆ ನಮಸ್ಕಾರ.

ಇತಿ ನಿನ್ನ ಅಕ್ಕ,
(ಕಾಗದದಲ್ಲೂ ಅಕ್ಕ)
ನಾಗವೇಣಿ

ತಾ.ಕ.: ಇಷ್ಟುದ್ದ ಬರೆದು ಮುಖ್ಯವಾದದ್ದನ್ನೇ ಬಿಟ್ಟೆ. ಅವ್ವ ರೊಟ್ಟಿಗೆ ಕರೆಯುತ್ತಿದ್ದಾಳೆ, ಬೇಗ ಹೇಳುತ್ತೇನೆ. ಶುಕ್ರವಾರ ರಾತ್ರಿಯೇ ಅಪ್ಪ ಊರಿಗೆ ಫೋನ್ ಮಾಡಿದ. "ಕೋರ್ಟಿನವರ ಹೇಳ್ಯಾರ, ಹದಿನೆಂಟು ಆಗೇತಿ" ಎಂದು ನಗುನಗುತ್ತಾ ಹೇಳಿದ. ನೀನು ಬರುವುದು ಶುಕ್ರವಾರ, ಶ್ರೀಶೈಲನ ಮನೆಯವರು ಬರುವುದು ಭಾನುವಾರ. ನಾನು ಒಲ್ಲೆ ಎಂದಿದ್ದೇನೆ. ಹದಿನೆಂಟಾದವಳು ಒಲ್ಲೆ ಎಂದರೆ ಯಾರೂ ಒತ್ತಾಯ ಮಾಡುವ ಹಾಗಿಲ್ಲ ಎಂದು ಅನಘಾ ಮೇಡಂ ಹೇಳಿದ್ದಾರೆ, ಅವರ ನಂಬರನ್ನೂ ಕೊಟ್ಟಿದ್ದಾರೆ. ಆದರೆ ಮನೆಯಲ್ಲಿ ನನ್ನ ಮಾತು ಅಪ್ಪನ ಕಿವಿಗೆ ಬೀಳುವುದಿಲ್ಲ, ನಿನ್ನ ಮಾತು ಬೀಳುತ್ತದೆ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ. ಹೊಸ್ತಿಲು ದಾಟಿದ ಕೂಡಲೇ, ಹೋಳಿಗೆ ಮುಟ್ಟುವ ಮೊದಲು, ಅಕ್ಕ ಓದುತ್ತಾಳೆ, ಅವರು ಬರುವುದು ಬೇಡ ಎಂದು ಅಪ್ಪನಿಗೆ ಹೇಳು. ನೀನು ಹೇಳದಿದ್ದರೆ ಬರುವ ಪಂಚಮಿಗೆ ಗಂಡನ ಮನೆಯಿಂದ ನನ್ನನ್ನು ಹಬ್ಬಕ್ಕೆ ಕರೆತರಲು ಲಿಂಗಸೂಗೂರಿಗೆ ನೀನೇ ಬರಬೇಕಾಗುತ್ತದೆ. ಅವತ್ತು ನಾನು ನಮ್ಮ ಮನೆಯಲ್ಲೇ ಇರಬೇಕು ಕಣೋ. ಅದು ನನ್ನ ಹುಟ್ಟುಹಬ್ಬ.